ಡಿಕ್ಕಿಯ ಅಂಚಿಗೆ ತಡವಾಗಿ ಬಂದ ಪಟ್ಟಿ: ಔಡಿ ಟಿಟಿ ಪ್ರಕರಣ

1999ರ ಕೊನೆ ಮತ್ತು 2000ದ ಆರಂಭದ ತಿಂಗಳುಗಳಲ್ಲಿ ಜರ್ಮನಿಯ ಔಡಿ ಕಂಪನಿಯು ತಾನು ಆಗಲೇ ಮಾರಿದ್ದ ಟಿಟಿ ಕಾರುಗಳನ್ನು ಸರ್ವಿಸ್ ಕೇಂದ್ರಗಳಿಗೆ ವಾಪಸು ಕರೆಸಿಕೊಂಡಿತು. ಅಲ್ಲಿ ಕಾರಿಗೆ ಮೂರು ಬಗೆಯ ಕೆಲಸ ನಡೆಯಿತು. ಸಸ್ಪೆನ್ಷನ್ನಿನ ಕೆಲವು ಭಾಗಗಳು ಬದಲಾದವು, ಕಾರು ಅಡ್ಡ ಜಾರುವುದನ್ನು ತಡೆಯುವ ಇಎಸ್‌ಪಿ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ ಸೇರಿತು, ಮತ್ತು ಡಿಕ್ಕಿಯ ಬಾಗಿಲಿನ ಕೊನೆಯ ಅಂಚಿನಲ್ಲಿ ಸ್ಪಾಯ್ಲರ್ ಎಂಬ, ಗಾಳಿಯ ಹರಿವನ್ನು ತಡೆಯುವ ಒಂದು ಸಣ್ಣ ಪಟ್ಟಿ ಕುಳಿತಿತು. ಮೊದಲ ಎರಡು ಕೆಲಸಗಳು ಕಣ್ಣಿಗೆ ಬೀಳುವಂಥವಲ್ಲ. ಮೂರನೆಯದು ಮಾತ್ರ ದೂರದಿಂದಲೇ ಕಾಣುತ್ತಿತ್ತು. ಛಾವಣಿಯಿಂದ ಹೊರಟು ಹಿಂದಿನ ಬಂಪರಿನವರೆಗೆ ಒಂದೇ ಉಸಿರಿನಲ್ಲಿ ಇಳಿದುಬರುವ ಗೆರೆಯನ್ನು ಹೊಗಳಿಯೇ ಕೊಂಡವರ ಕಾರಿಗೆ, ಆ ಗೆರೆ ಮುಗಿಯುವ ಜಾಗದಲ್ಲೇ ಒಂದು ತಡೆ ಎದ್ದು ನಿಂತಿತ್ತು.

ಆ ಪಟ್ಟಿ ಏಕೆ ಬೇಕಾಯಿತು ಎಂಬುದು ವಾಯುಚಲನೆಯ ಪ್ರಶ್ನೆ. ಅದು ಕಾರು ಮಾರುಕಟ್ಟೆಗೆ ಬರುವ ಮೊದಲೇ ಏಕೆ ಬರಲಿಲ್ಲ ಎಂಬುದು ವಿನ್ಯಾಸದ ಪ್ರಶ್ನೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಟಿಟಿ ಹುಟ್ಟಿದ್ದು ಕಾನ್ಸೆಪ್ಟ್ ಕಾರಾಗಿ ಎಂಬಲ್ಲಿಂದ ಆರಂಭಿಸಬೇಕು.

ಕಾನ್ಸೆಪ್ಟ್ ಕಾರಿನ ಪರಂಪರೆಯನ್ನು ಸಾಮಾನ್ಯವಾಗಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯಲ್ಲಿ ಹಾರ್ಲಿ ಅರ್ಲ್ 1938ರಲ್ಲಿ ಮಾಡಿಸಿದ ಬ್ಯೂಕ್ ವೈ-ಜಾಬ್‌ನಿಂದ ಎಣಿಸುತ್ತಾರೆ. ಮಾರುವ ಉದ್ದೇಶವಿಲ್ಲದೆ, ಜನರ ಕಣ್ಣು ಎತ್ತ ತಿರುಗುತ್ತದೆ ಎಂದು ನೋಡುವುದಕ್ಕಾಗಿಯೇ ಕಟ್ಟಿದ ಬಂಡಿ ಅದು. ಅಂಥ ಕಾರಿಗೆ ಬೆಲೆಯ ಹಂಗಿಲ್ಲ, ಅಪಘಾತ ಪರೀಕ್ಷೆಯ ಹಂಗಿಲ್ಲ, ಮಳೆಯಲ್ಲಿ ನಿಂತು ಸೋರದಿರಬೇಕೆಂಬ ಹಂಗೂ ಇಲ್ಲ. ಅದು ಕಾರು ಮೇಳದ ತಿರುಗುವ ವೇದಿಕೆಯ ಮೇಲೆ ದೀಪಗಳ ಕೆಳಗೆ ನಿಧಾನವಾಗಿ ಸುತ್ತುತ್ತಿದ್ದರೆ ಸಾಕು. ಬಹುಪಾಲು ಕಾನ್ಸೆಪ್ಟ್‌ಗಳು ಅಲ್ಲಿಂದ ಗೋದಾಮಿಗೋ ಮ್ಯೂಸಿಯಮ್ಮಿಗೋ ಹೋಗುತ್ತವೆ. ಮಾರುಕಟ್ಟೆಗೆ ಬರುವ ಕೆಲವು ದಾರಿಯಲ್ಲೇ ರೂಪ ಕಳೆದುಕೊಳ್ಳುತ್ತವೆ. ಛಾವಣಿ ಎತ್ತರವಾಗುತ್ತದೆ, ಚಕ್ರ ಸಣ್ಣದಾಗುತ್ತದೆ, ಕಿಟಕಿ ದೊಡ್ಡದಾಗುತ್ತದೆ. ದೆಹಲಿಯ ಆಟೊ ಎಕ್ಸ್‌ಪೊದಲ್ಲಿ ನೋಡಿ ಮರುಳಾಗಿ, ಎರಡು ವರ್ಷ ಕಾದು, ಶೋರೂಮಿನಲ್ಲಿ ಅದೇ ಹೆಸರಿನ ಬೇರೆಯದೇ ಕಾರನ್ನು ಕಂಡ ಅನುಭವ ನಮ್ಮಲ್ಲೂ ಹಲವರಿಗಿದೆ. ಟಿಟಿ ಇದಕ್ಕೆ ವಿರುದ್ಧವಾದ ಉದಾಹರಣೆ. ಅದು ವೇದಿಕೆಯಿಂದ ಇಳಿದು ಹೆಚ್ಚುಕಡಿಮೆ ಹಾಗೆಯೇ ರಸ್ತೆಗೆ ಬಂತು, ಮತ್ತು ಅದರ ತೊಂದರೆಯ ಬೇರು ಅಲ್ಲಿಯೇ ಇದೆ.

ಸಿಮಿ ವ್ಯಾಲಿಯಿಂದ ಫ್ರಾಂಕ್‌ಫರ್ಟ್‌ಗೆ

ಔಡಿಯ ಮಾತೃಸಂಸ್ಥೆಯಾದ ಫೋಕ್ಸ್‌ವ್ಯಾಗನ್ ಸಮೂಹಕ್ಕೆ ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿ ಒಂದು ವಿನ್ಯಾಸ ಕೇಂದ್ರವಿತ್ತು. ಅಲ್ಲಿ ಜೆ ಮೇಸ್ ಮತ್ತು ಫ್ರೀಮನ್ ಥಾಮಸ್ ಎಂಬ ಇಬ್ಬರು ಅಮೆರಿಕನ್ ವಿನ್ಯಾಸಕಾರರು ಹಳೆಯ ಬೀಟಲ್ ಕಾರನ್ನು ಹೊಸ ಕಾಲಕ್ಕೆ ಬರೆದ ಕಾನ್ಸೆಪ್ಟ್ ಒನ್ ಅನ್ನು ಸಿದ್ಧಪಡಿಸಿದ್ದರು. 1994ರ ಜನವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಅದಕ್ಕೆ ಸಿಕ್ಕ ಸ್ವಾಗತ ಎಷ್ಟಿತ್ತೆಂದರೆ ಕಂಪನಿ ಅದನ್ನು ನ್ಯೂ ಬೀಟಲ್ ಹೆಸರಿನಲ್ಲಿ ಉತ್ಪಾದನೆಗೆ ತರಬೇಕಾಯಿತು. ಅದೇ ಕೇಂದ್ರದಲ್ಲಿ 1994ರ ವಸಂತದಲ್ಲಿ ಟಿಟಿಯ ಕೆಲಸ ಶುರುವಾಯಿತು.

ಟಿಟಿಯ ರೂಪವನ್ನು ಅರ್ಥಮಾಡಿಕೊಳ್ಳಲು ಕೈವಾರವಿದ್ದರೆ ಸಾಕು. ಪಕ್ಕದಿಂದ ನೋಡಿದರೆ ಛಾವಣಿ ಒಂದು ಕಮಾನು, ಮುಂದಿನ ಚಕ್ರದ ಮೇಲೊಂದು ಕಮಾನು, ಹಿಂದಿನ ಚಕ್ರದ ಮೇಲೆ ಇನ್ನೊಂದು. ಉಳಿದದ್ದೆಲ್ಲ ಈ ಮೂರನ್ನು ಸೇರಿಸುವ ಕೆಲಸ. ಮುಂಬದಿ ಹಿಂಬದಿಗಳು ಒಂದನ್ನೊಂದು ಹೋಲುವಷ್ಟು ಸಮವಾಗಿವೆ. ಎಲ್ಲಿಯೂ ಅಲಂಕಾರದ ಗೀಟಿಲ್ಲ, ಕ್ರೋಮಿನ ಪಟ್ಟಿಯಿಲ್ಲ. ಈ ಕಾರಿನ ಬಗ್ಗೆ ಬರೆದವರು ಅಲಂಕಾರವನ್ನು ದೂರವಿಟ್ಟ ಜರ್ಮನಿಯ ಬೌಹೌಸ್ ವಿನ್ಯಾಸ ಶಾಲೆಯನ್ನು ನೆನಪಿಸಿಕೊಂಡದ್ದು ಸಹಜವೇ. ಔಡಿಯ ಪೂರ್ವಜ ಆಟೊ ಯೂನಿಯನ್ 1930ರ ದಶಕದಲ್ಲಿ ಓಡಿಸಿದ ಬೆಳ್ಳಿ ಬಣ್ಣದ ರೇಸು ಕಾರುಗಳ ಮೈಕಟ್ಟೂ ಇದರಲ್ಲಿ ಕಾಣುತ್ತದೆ. ಹೆಸರು ಬಂದದ್ದು ಐಲ್ ಆಫ್ ಮ್ಯಾನ್ ದ್ವೀಪದ ಟೂರಿಸ್ಟ್ ಟ್ರೋಫಿ ಮೋಟಾರ್‌ಸೈಕಲ್ ಸ್ಪರ್ಧೆಯಿಂದ, ಅದೂ ಔಡಿಯೊಂದಿಗೆ 1969ರಲ್ಲಿ ವಿಲೀನಗೊಂಡ ಎನ್‌ಎಸ್‌ಯು ಕಂಪನಿಯ ಸಣ್ಣ ಕಾರುಗಳ ಮೂಲಕ.

1995ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಟಿಟಿ ಕೂಪೆ, ಅಂದರೆ ಎರಡು ಬಾಗಿಲಿನ ಮುಚ್ಚಿದ ಛಾವಣಿಯ ರೂಪ, ಪ್ರದರ್ಶನಗೊಂಡಿತು. ಕೆಲವೇ ವಾರಗಳ ಬಳಿಕ ಟೋಕಿಯೊದಲ್ಲಿ ಅದರ ತೆರೆದ ಛಾವಣಿಯ ಒಡಹುಟ್ಟು ಬಂತು. ಅದರ ಸೀಟುಗಳ ಚರ್ಮವನ್ನು ಬೇಸ್‌ಬಾಲ್ ಕೈಗವಸಿನಂತೆ ದಪ್ಪ ದಾರದಲ್ಲಿ ಹೆಣೆದು ಹೊಲಿದಿದ್ದರು. ಮೇಳದ ಮೋಜಿಗೆಂದು ಮಾಡಿದಂತಿದ್ದ ಆ ಹೊಲಿಗೆ ಸಹ ಮುಂದೆ ಮಾರಾಟದ ಕಾರಿಗೆ ಆಯ್ಕೆಯಾಗಿ ಬಂದಿತು ಎಂಬುದು, ಕಂಪನಿ ಮೂಲರೂಪಕ್ಕೆ ಎಷ್ಟು ನಿಷ್ಠವಾಗಿತ್ತು ಎಂಬುದಕ್ಕೆ ಸಾಕ್ಷಿ. ಉತ್ಪಾದಿಸುವ ತೀರ್ಮಾನ 1995ರ ಡಿಸೆಂಬರಿನಲ್ಲೇ ಆಯಿತು. ಮೇಳದಿಂದ ತೀರ್ಮಾನಕ್ಕೆ ನಡುವೆ ಇದ್ದದ್ದು ಮೂರು ತಿಂಗಳಷ್ಟೇ.

ಇಷ್ಟು ಬೇಗ ಒಪ್ಪಿಗೆ ಸಿಗಲು ಬರೀ ಚಪ್ಪಾಳೆ ಸಾಕಾಗಲಿಲ್ಲ. ಆಗ ಫೋಕ್ಸ್‌ವ್ಯಾಗನ್ ಸಮೂಹದ ಮುಖ್ಯಸ್ಥರಾಗಿದ್ದ ಫರ್ಡಿನಾಂಡ್ ಪಿಯೆಖ್, ಒಂದೇ ತಳಪಾಯದ ಮೇಲೆ ಹಲವು ಕಾರುಗಳನ್ನು ಕಟ್ಟುವ ನೀತಿಯನ್ನು ಬಲವಾಗಿ ಜಾರಿಗೆ ತರುತ್ತಿದ್ದರು. ನಾಲ್ಕನೆಯ ಪೀಳಿಗೆಯ ಗಾಲ್ಫ್ ಮತ್ತು ಔಡಿ ಎ3 ಕೂತಿದ್ದ ತಳಪಾಯದ ಮೇಲೆಯೇ ಟಿಟಿಯೂ ಕುಳಿತಿತು. ಎಂಜಿನ್, ಗೇರ್‌ಬಾಕ್ಸ್, ಬ್ರೇಕು ಎಲ್ಲವೂ ಲಕ್ಷಗಟ್ಟಲೆ ತಯಾರಾಗುವ ಕಾರುಗಳಿಂದ ಬಂದವು. ಕನಸಿನ ರೂಪಕ್ಕೆ ದಿನಬಳಕೆಯ ಮೂಳೆ ಸಿಕ್ಕಿತು. ಅದರ ಜತೆಗೆ ಆ ಮೂಳೆಯ ಗುಣವೂ ಬಂತು: ಎಂಜಿನ್ ಮುಂದೆ, ಅದೂ ಅಡ್ಡಲಾಗಿ, ಆದ್ದರಿಂದ ಭಾರ ಹೆಚ್ಚಾಗಿ ಮುಂದಿನ ಚಕ್ರಗಳ ಮೇಲೆ. ಈ ಸಂಗತಿ ಮುಂದೆ ಮುಖ್ಯವಾಗುತ್ತದೆ.

ಬದಲಾದದ್ದು, ಬದಲಾಗದ್ದು

ಮಾರಾಟದ ಟಿಟಿಯನ್ನು ಫ್ರಾಂಕ್‌ಫರ್ಟಿನ ಕಾನ್ಸೆಪ್ಟ್ ಪಕ್ಕದಲ್ಲಿಟ್ಟರೆ ಥಟ್ಟನೆ ಕಣ್ಣಿಗೆ ಬೀಳುವ ವ್ಯತ್ಯಾಸ ಒಂದೇ. ಬಾಗಿಲಿನ ಹಿಂದೆ ಒಂದು ಸಣ್ಣ ಗಾಜು ಸೇರಿದೆ. ಕಾನ್ಸೆಪ್ಟ್‌ನಲ್ಲಿ ಬಾಗಿಲಿನ ಕಿಟಕಿ ಮುಗಿದಲ್ಲಿಂದ ಲೋಹವೇ ಇತ್ತು. ಮಾರಾಟದ ಕಾರಿನಲ್ಲಿ ಆ ಕಿಟಕಿ ಹಿಂದಕ್ಕೆ ಚಾಚಿ ಚೂಪಾಗಿ ಮುಗಿಯುತ್ತದೆ. ಹಿಂದೆ ಕೂರುವವರಿಗೂ ಓಡಿಸುವವರಿಗೂ ಬೆಳಕು ಮತ್ತು ನೋಟ ಸಿಗುವ ಲಾಭ ಹಾಗಿರಲಿ, ಇದರಿಂದ ಕಾರು ನಿಂತಲ್ಲೇ ಮುಂದಕ್ಕೆ ಸರಿಯುವಂತೆ ಕಾಣತೊಡಗಿತು. ಮೂಲದಲ್ಲಿದ್ದ ಮಡಕೆಯಂಥ ಮುಚ್ಚಿದ ಗುಂಡುತನ ಸ್ವಲ್ಪ ಸಡಿಲವಾಯಿತು. ನನ್ನ ಮಟ್ಟಿಗೆ ಇದು ಕಾನ್ಸೆಪ್ಟ್‌ಗಿಂತ ಉತ್ಪಾದನೆಯ ಕಾರು ಉತ್ತಮಗೊಂಡ ಅಪರೂಪದ ಜಾಗ. ಬಂಪರುಗಳ ಆಕಾರವೂ ತುಸು ಬದಲಾಯಿತು. ತಾಂತ್ರಿಕ ಕಾರಣಗಳಿಗಾಗಿ ಅಳತೆಗಳಲ್ಲಿ ಇನ್ನೂ ಹಲವು ಹೊಂದಾಣಿಕೆಗಳಾದವು. ಆದರೆ ಅವು ಕಾಣದಂತೆ ಆದವು ಎಂಬುದೇ ಸಾಧನೆ. ಆ ಕೆಲಸದ ತಂಡದಲ್ಲಿದ್ದ ವಿನ್ಯಾಸಕಾರ ಟಾರ್‌ಸ್ಟೆನ್ ವೆನ್ಜೆಲ್, ಮೂಲರೂಪ ಬದಲಾಗಿಲ್ಲವೆಂದು ಪತ್ರಕರ್ತರು ಮೆಚ್ಚಿ ಹೇಳಿದ್ದೇ ತಮಗೆ ಸಿಕ್ಕ ದೊಡ್ಡ ಹೊಗಳಿಕೆ ಎಂದು ಬಳಿಕ ನೆನಪಿಸಿಕೊಂಡಿದ್ದಾರೆ.

ಈ ನಿಷ್ಠೆಗೆ ತೆತ್ತ ಶ್ರಮ ಎಂಥದು ಎಂದು ತಿಳಿಯಲು ಒಂದು ಬೆಸುಗೆಯನ್ನು ಹತ್ತಿರದಿಂದ ನೋಡಬಹುದು. ನಮ್ಮ ಬೀದಿಯಲ್ಲಿ ನಿಂತಿರುವ ಯಾವುದೇ ಸಣ್ಣ ಕಾರಿನ ಛಾವಣಿಯ ಎರಡೂ ಬದಿಗಳಲ್ಲಿ ಮುಂದಿನಿಂದ ಹಿಂದಕ್ಕೆ ಒಂದೊಂದು ಕಪ್ಪು ರಬ್ಬರ್ ಪಟ್ಟಿ ಓಡುತ್ತದೆ. ಛಾವಣಿಯ ತಗಡೂ ಪಕ್ಕೆಯ ತಗಡೂ ಸೇರುವ ತೋಡನ್ನು ಮುಚ್ಚಲು ಇಟ್ಟ ಪಟ್ಟಿ ಅದು. ಬಿಸಿಲಿಗೆ ಒಣಗಿ, ತುದಿ ಎದ್ದು, ಒಳಗೆ ಧೂಳು ಕೂತಿರುವುದನ್ನು ಹಳೆಯ ಕಾರು ತೊಳೆದವರೆಲ್ಲ ಬಲ್ಲರು. ಟಿಟಿಯ ಹಿಂಭಾಗದಲ್ಲಿ ಛಾವಣಿ ಪಕ್ಕೆಗೆ ಇಳಿಯುವ ಕಡೆ ಅಂಥದೊಂದು ಗೆರೆ ಬಂದಿದ್ದರೆ ಇಡೀ ಕಮಾನು ಎರಡು ತುಂಡಾಗಿ ಕಾಣುತ್ತಿತ್ತು. ಆದ್ದರಿಂದ ಲೇಸರ್ ಕಿರಣದಿಂದ ಬೆಸೆಯುವ, ಅದುವರೆಗೆ ಬಳಕೆಯಲ್ಲಿಲ್ಲದ ವಿಧಾನವೊಂದನ್ನು ರೂಢಿಸಿಕೊಂಡು ಜೋಡಣೆಯ ಗುರುತು ಉಳಿಯದಂತೆ ಮಾಡಿದರು. ಇದರಿಂದ ಕಾರು ಹೊರಬರುವುದೇ ತಡವಾಯಿತು. ಮೈ ತಯಾರಾಗಿ ಬಣ್ಣ ಬಳಿಯುತ್ತಿದ್ದದ್ದು ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ. ಅಲ್ಲಿಂದ ರೈಲಿನಲ್ಲಿ ಹಂಗೇರಿಯ ಗ್ಯೋರ್ ಕಾರ್ಖಾನೆಗೆ ಸಾಗಿಸಿ ಉಳಿದ ಭಾಗಗಳನ್ನು ಜೋಡಿಸುತ್ತಿದ್ದರು.

ಒಳಗಿನ ವಿವರಗಳೂ ಹಾಗೆಯೇ ಉಳಿದವು. ತಿರುಗಿಸಿ ತೆರೆಯುವ ಅಲ್ಯುಮಿನಿಯಂ ಉಂಗುರದ ಗಾಳಿಕಿಂಡಿಗಳು, ಡ್ಯಾಶ್‌ಬೋರ್ಡಿಗೆ ಊರೆಗೋಲಿನಂತೆ ನಿಂತ ಅಲ್ಯುಮಿನಿಯಂ ಪಟ್ಟಿಗಳು, ಹೊರಗೆ ಸ್ಕ್ರೂಗಳ ತಲೆ ಕಾಣುವ ಗುಂಡನೆಯ ಪೆಟ್ರೋಲ್ ಮುಚ್ಚಳ. ಇಷ್ಟೆಲ್ಲ ಅಲ್ಯುಮಿನಿಯಂ ತೋರಿಸಿಕೊಂಡ ಮೊದಲ ಟಿಟಿಯ ಮೈ ಮಾತ್ರ ಬಹುಪಾಲು ಉಕ್ಕು.

ಆಟೊಬಾನ್‌ನಲ್ಲಿ

1998ರ ಶರತ್ಕಾಲದಲ್ಲಿ ಟಿಟಿ ಮಾರುಕಟ್ಟೆಗೆ ಬಂತು. 1.8 ಲೀಟರಿನ ಟರ್ಬೊ ಎಂಜಿನ್ 180 ಮತ್ತು 225 ಅಶ್ವಶಕ್ತಿಯ ಎರಡು ಹಂತಗಳಲ್ಲಿ ಸಿಗುತ್ತಿತ್ತು. ಜರ್ಮನಿಯ ಆಟೊಬಾನ್ ಹೆದ್ದಾರಿಯ ಹಲವು ಭಾಗಗಳಲ್ಲಿ ವೇಗಕ್ಕೆ ಮಿತಿಯೇ ಇಲ್ಲದ್ದರಿಂದ, ಬೇರೆ ದೇಶಗಳಲ್ಲಿ ಕಾಗದದ ಮೇಲಷ್ಟೇ ಉಳಿಯುವ ವೇಗಗಳು ಅಲ್ಲಿ ಕಚೇರಿಗೆ ಹೋಗುವ ದಾರಿಯ ವೇಗಗಳಾಗಿರುತ್ತವೆ. ಗಂಟೆಗೆ 180 ಕಿ.ಮೀ. ಮೀರಿದ ವೇಗದಲ್ಲಿ ಥಟ್ಟನೆ ಲೇನ್ ಬದಲಿಸುವಾಗ ಅಥವಾ ಬಿಗಿಯಾದ ತಿರುವು ತೆಗೆದುಕೊಳ್ಳುವಾಗ ಟಿಟಿಯ ಹಿಂಭಾಗ ಹತೋಟಿ ತಪ್ಪಿದ ಅಪಘಾತಗಳ ಸುದ್ದಿ 1999ರಲ್ಲಿ ಒಂದರ ಹಿಂದೊಂದು ಬರತೊಡಗಿದವು. ಕೆಲವರು ಪ್ರಾಣ ಕಳೆದುಕೊಂಡರು.

ಇದರ ಹಿಂದಿನ ತತ್ವ ಗೂಢವಾದುದಲ್ಲ. ಉಬ್ಬಿದ ಮೈಯ ಮೇಲೆ ಹರಿಯುವ ಗಾಳಿ ಕೆಳಗಿನ ಗಾಳಿಗಿಂತ ವೇಗವಾಗಿ ಸಾಗಬೇಕಾಗುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದ ಕಡೆಗೆ ಮೈ ಎಳೆಯಲ್ಪಡುತ್ತದೆ. ವಿಮಾನದ ರೆಕ್ಕೆಗೆ ಬೇಕಾದ ಈ ಗುಣ ಕಾರಿಗೆ ಬೇಡ. ಟಿಟಿಯ ಛಾವಣಿ ಎಲ್ಲಿಯೂ ಮುರಿಯದೆ ಇಳಿಯುವುದರಿಂದ ಗಾಳಿಯೂ ಅದಕ್ಕೆ ಅಂಟಿಕೊಂಡೇ ಹಿಂದಿನ ಅಂಚಿನವರೆಗೆ ಇಳಿಯುತ್ತದೆ. ಕಣ್ಣಿಗೆ ಹಿತವಾದ ಆ ನುಣುಪೇ ಹಿಂದಿನ ಚಕ್ರಗಳನ್ನು ರಸ್ತೆಯಿಂದ ಮೇಲಕ್ಕೆತ್ತುವ ಬಲವಾಗುತ್ತದೆ. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; 100 ಕಿ.ಮೀ. ವೇಗದಲ್ಲಿ ಇದ್ದದ್ದು 200ಕ್ಕೆ ನಾಲ್ಕು ಪಟ್ಟಾಗುತ್ತದೆ. ಮೊದಲೇ ಭಾರ ಮುಂದಿರುವ ಕಾರಿನಲ್ಲಿ, ತಿರುವಿನ ನಡುವೆ ಗಾಬರಿಗೊಂಡ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಇನ್ನಷ್ಟು ಮುಂದಕ್ಕೆ ವಾಲುತ್ತದೆ. ಹಗುರಾದ ಹಿಂದಿನ ಚಕ್ರಗಳು ರಸ್ತೆಯ ಹಿಡಿತ ಕಳೆದುಕೊಳ್ಳುತ್ತವೆ, ಕಾರು ತಿರುಗಿ ನಿಲ್ಲುತ್ತದೆ. ಮೇಳದ ವೇದಿಕೆ ಗಂಟೆಗೆ ಎಷ್ಟು ಸುತ್ತು ಹಾಕಿದರೂ ಈ ಬಲ ಅಲ್ಲಿ ಹುಟ್ಟುವುದಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಗಾಳಿಯ ವಿಷಯದಲ್ಲಿ ಔಡಿ ಅನನುಭವಿಯಾಗಿರಲಿಲ್ಲ. 1982ರ ಔಡಿ 100, ಗಾಳಿಯ ಎಳೆತದ ಗುಣಾಂಕವನ್ನು 0.30ಕ್ಕೆ ಇಳಿಸಿ ಅದನ್ನೇ ಜಾಹೀರಾತಾಗಿಸಿಕೊಂಡ ಕಾರು. ಆದರೆ ಎಳೆತ ಬೇರೆ, ಎತ್ತುವ ಬಲ ಬೇರೆ. ಗಾಳಿಯನ್ನು ಸುಲಭವಾಗಿ ಸೀಳಿಕೊಂಡು ಹೋಗುವ ಮೈ ನೆಲಕ್ಕೆ ಗಟ್ಟಿಯಾಗಿ ಕೂರುತ್ತದೆಂದೇನೂ ಇಲ್ಲ. ಎಳೆತದ ಸಂಖ್ಯೆ ಪೆಟ್ರೋಲ್ ಖರ್ಚಿನ ರೂಪದಲ್ಲಿ ಗ್ರಾಹಕನಿಗೆ ಕಾಣುತ್ತದೆ, ಆದ್ದರಿಂದ ಕರಪತ್ರಕ್ಕೂ ಬರುತ್ತದೆ. ಎತ್ತುವ ಬಲದ ಸಂಖ್ಯೆಯನ್ನು ಕರಪತ್ರಗಳು ಅಚ್ಚುಹಾಕುವುದು ಅಪರೂಪ.

ತಿದ್ದುಪಡಿ

ಮೂರು ತಿದ್ದುಪಡಿಗಳೂ ಒಂದೇ ಗುರಿಯವು: ಅತಿ ವೇಗದಲ್ಲಿ ಕಾರಿನ ನಡತೆ ಚಾಲಕನಿಗೆ ಮೊದಲೇ ಊಹಿಸಲು ಬರುವಂತಿರಬೇಕು. ಸಸ್ಪೆನ್ಷನ್ ಬದಲಾವಣೆ ಹಿಂಭಾಗದ ಚುರುಕುತನವನ್ನು ತಗ್ಗಿಸಿತು. ಇಎಸ್‌ಪಿ, ಸ್ಟೀರಿಂಗ್ ಹೇಳುವ ದಿಕ್ಕಿಗೂ ಕಾರು ನಿಜವಾಗಿ ತಿರುಗುವ ದಿಕ್ಕಿಗೂ ವ್ಯತ್ಯಾಸ ಕಂಡೊಡನೆ ಬೇಕಾದ ಚಕ್ರಕ್ಕಷ್ಟೇ ಬ್ರೇಕು ಹಾಕುತ್ತದೆ. ಎರಡು ವರ್ಷ ಮೊದಲು, 1997ರ ಅಕ್ಟೋಬರಿನಲ್ಲಿ, ಮರ್ಸಿಡಿಸ್‌ನ ಹೊಸ ಎ-ಕ್ಲಾಸ್ ಸ್ವೀಡನ್ನಿನ ಪರೀಕ್ಷೆಯೊಂದರಲ್ಲಿ ಪಲ್ಟಿಯಾದಾಗ ಆ ಕಂಪನಿ ಹಿಡಿದ ದಾರಿಯೂ ಇದೇ ಆಗಿತ್ತು.

ಮೂರನೆಯದು ಸ್ಪಾಯ್ಲರ್. ನಮ್ಮಲ್ಲಿ ಈ ಪದಕ್ಕೆ ಬಂದಿರುವ ಅರ್ಥ ಬೇರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸೀಟ್ ಕವರು, ಹಾರ್ನು, ಅಲಾಯ್ ಚಕ್ರಗಳ ಜತೆ ತೂಗುಹಾಕಿದ ಸ್ಪಾಯ್ಲರನ್ನು ಕೊಂಡು ಹ್ಯಾಚ್‌ಬ್ಯಾಕಿನ ಹಿಂದೆ ಕೂರಿಸುವವರಿಗೆ ಅದು ಒಡವೆ; ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅದಕ್ಕೆ ಮಾಡಲು ಕೆಲಸವಿಲ್ಲ. ಟಿಟಿಯ ಮೇಲೆ ಅದು ಮಾಡುವ ಕೆಲಸ ಹೆಸರಿಗೆ ತಕ್ಕದ್ದೇ, ಕೆಡಿಸುವ ಕೆಲಸ. ಛಾವಣಿಗೆ ಅಂಟಿಕೊಂಡು ಇಳಿಯುತ್ತಿರುವ ಗಾಳಿಯನ್ನು ಅಂಚಿನಲ್ಲಿ ತಡೆದು ಮೈಯಿಂದ ಬಿಡಿಸುತ್ತದೆ, ಅದರೊಂದಿಗೆ ಮೇಲಕ್ಕೆಳೆಯುವ ಬಲವೂ ಕುಗ್ಗುತ್ತದೆ. ಅಂದರೆ ಗಾಳಿಯ ಹರಿವು ಮುರಿಯಬೇಕಾದರೆ ಕಣ್ಣಿಗೆ ಕಾಣುವ ಗೆರೆಯೂ ಮುರಿಯಲೇಬೇಕು. ಸ್ಪಾಯ್ಲರ್ ಇಲ್ಲದ ಆರಂಭದ ಕಾರುಗಳನ್ನೇ ಅಪ್ಪಟವೆಂದು ಹುಡುಕುವ ಅಭಿಮಾನಿಗಳು ಈಗಲೂ ಇದ್ದಾರೆ. ಅವರ ಕಣ್ಣು ತಪ್ಪಲ್ಲ ಎಂದು ಒಪ್ಪಿಕೊಂಡೇ, ಆ ಕಾರಿನಲ್ಲಿ 200ರ ವೇಗದಲ್ಲಿ ಲೇನ್ ಬದಲಿಸಲು ನಾನಂತೂ ಕೂರಲಾರೆ.

ಕಾನ್ಸೆಪ್ಟ್‌ನ ಪಾಲು ಎಷ್ಟು?

ಟಿಟಿಯ ತಯಾರಕರಿಗೆ ಪರಿಹಾರ ತಿಳಿದಿರಲಿಲ್ಲ ಎನ್ನುವಂತಿಲ್ಲ. ಫೋಕ್ಸ್‌ವ್ಯಾಗನ್ನಿನದೇ ಕೊರಾಡೊ ಎಂಬ ಕೂಪೆ 1988ರಲ್ಲಿ ಬಂದಾಗ, ವೇಗ ಹೆಚ್ಚಿದೊಡನೆ ತಾನಾಗಿ ಏಳುವ ಸ್ಪಾಯ್ಲರ್ ಅದರ ಹಿಂದಿತ್ತು. 1989ರ ಪೋರ್ಷೆ 911ರಲ್ಲೂ ಅಂಥದೇ ವ್ಯವಸ್ಥೆ ಇತ್ತು. ಇದಕ್ಕಿಂತ ಹತ್ತಿರದ ಸಾಕ್ಷಿಯೆಂದರೆ ಮೇಸ್ ಮತ್ತು ಥಾಮಸ್ ಅವರದೇ ಇನ್ನೊಂದು ಕಮಾನಾದ ನ್ಯೂ ಬೀಟಲ್. ಅದರ 1.8 ಲೀಟರ್ ಟರ್ಬೊ ಮಾದರಿಯ ಹಿಂಗಾಜಿನ ಮೇಲ್ಭಾಗದಲ್ಲಿ ವೇಗ ಏರಿದಾಗ ಎದ್ದುಬರುವ ಪುಟ್ಟ ಸ್ಪಾಯ್ಲರ್ ಇತ್ತು. ಅದೇ ವಿನ್ಯಾಸಕಾರರು, ಅದೇ ಬಗೆಯ ಗುಂಡು ಬೆನ್ನು, ಅದೇ ತಳಪಾಯ.

ಹಾಗಾದರೆ ಟಿಟಿಗೆ ಮಾತ್ರ ಏಕೆ ಬರಲಿಲ್ಲ? ಒಳಗಿನ ಸಭೆಗಳಲ್ಲಿ ಏನು ಮಾತಾಯಿತು ಎಂಬುದು ಹೊರಗಿನವರಿಗೆ ಸಿಗುವ ಸಂಗತಿಯಲ್ಲ. ಆದರೆ ಕಾರಿನ ಮೈಯೇ ಹೇಳುವ ಮಾತಿದೆ. ಕಾನ್ಸೆಪ್ಟ್ ಕಾರನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳುವುದು ಒಂದು ಬಗೆಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಟಿಟಿ ಎಷ್ಟು ಚೆನ್ನಾಗಿ ತೇರ್ಗಡೆಯಾಯಿತೆಂದರೆ, ಅಲ್ಲಿಗೆ ಆ ರೂಪ ಒಂದು ಪ್ರಸ್ತಾವವಾಗಿ ಉಳಿಯದೆ ಕೊಟ್ಟ ಮಾತಾಗಿಬಿಟ್ಟಿತು. ಅಂದಿನಿಂದ ಪ್ರತಿಯೊಂದು ಬದಲಾವಣೆಯನ್ನೂ ಮೂಲದಿಂದ ಎಷ್ಟು ದೂರ ಸರಿಯಿತು ಎಂಬ ಅಳತೆಗೋಲಿನಲ್ಲೇ ಅಳೆಯಲಾಯಿತು. ಗಾಜಿನ ಬದಲಾವಣೆ ರೂಪಕ್ಕೆ ನೆರವಾಗುವಂಥದಾದ್ದರಿಂದ ಒಳಗೆ ಬಂತು. ಬೆಸುಗೆಗೆ ವೇಳೆಯೂ ಹಣವೂ ಸುರಿದದ್ದು ಗೆರೆ ಮುರಿಯಬಾರದೆಂಬ ಒಂದೇ ಕಾರಣಕ್ಕೆ. ಸ್ಪಾಯ್ಲರ್ ಆ ಗೆರೆಯನ್ನೇ ಮುರಿಯುವಂಥದು. ಅದು ಬಾಗಿಲ ಹೊರಗೆ ಉಳಿಯಿತು. ಮೇಳದಲ್ಲಿ ಜನ ಒಪ್ಪಿದ್ದು ನಿಂತ ಕಾರಿನ ರೂಪವನ್ನು. ಓಡುವ ಕಾರಿನ ಬಗ್ಗೆ ಅವರನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದರೂ ಅವರು ಹೇಳಬಲ್ಲವರಾಗಿರಲಿಲ್ಲ.

ಇದನ್ನು ಕಾನ್ಸೆಪ್ಟ್ ಕಾರಿನ ಮೇಲಿನ ದೂರಾಗಿ ಓದಬಾರದು. ಫ್ರಾಂಕ್‌ಫರ್ಟಿನ ಆ ಪ್ರದರ್ಶನವಿಲ್ಲದಿದ್ದರೆ ಟಿಟಿಯೇ ಇರುತ್ತಿರಲಿಲ್ಲ. ಗಾಲ್ಫಿನ ತಳಪಾಯದ ಮೇಲೆ ಇಷ್ಟು ಧೈರ್ಯದ ರೂಪವನ್ನು ಕಾಗದದ ಮೇಲಿನ ಚಿತ್ರ ತೋರಿಸಿ ಆಡಳಿತ ಮಂಡಳಿಯಿಂದ ಒಪ್ಪಿಸಿಕೊಳ್ಳುವುದು ಕಷ್ಟವಿತ್ತು. ಕಾನ್ಸೆಪ್ಟ್ ಕಾರು ವಿನ್ಯಾಸಕಾರನ ಪರವಾಗಿ ವಾದಿಸುವ ವಕೀಲ. ಟಿಟಿಯ ವಿಷಯದಲ್ಲಿ ವಕೀಲನ ಮಾತೇ ತೀರ್ಪಾಯಿತು. ಗಾಳಿಯ ಪರ ವಾದಿಸಬೇಕಾದವರ ಮಾತು ನಡೆದದ್ದು ಕಾರು ಮಾರಾಟವಾದ ಒಂದು ವರ್ಷದ ಬಳಿಕ, ಅದೂ ಅಪಘಾತಗಳ ನಂತರ. ಅಷ್ಟರಲ್ಲಿ ಮೇಸ್ ಸ್ವತಃ ಕಂಪನಿ ಬಿಟ್ಟು ಫೋರ್ಡ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದರು.

ಎರಡನೆಯ ಪೀಳಿಗೆಯ ಟಿಟಿ 2006ರಲ್ಲಿ ಬಂತು. ಈ ಬಾರಿ ಸ್ಪಾಯ್ಲರ್ ಮೊದಲ ದಿನದಿಂದಲೇ ಇತ್ತು, ಆದರೆ ಕಾಣುವಂತಿರಲಿಲ್ಲ. ಕಾರು ನಿಂತಾಗ ಅದು ಡಿಕ್ಕಿಯ ಬಾಗಿಲಿನೊಳಗೆ ಮಟ್ಟಸವಾಗಿ ಕುಳಿತಿರುತ್ತದೆ, ಬೆನ್ನಿನ ಗೆರೆ ಫ್ರಾಂಕ್‌ಫರ್ಟಿನಲ್ಲಿದ್ದಂತೆಯೇ ತುಂಡಾಗದೆ ಇಳಿಯುತ್ತದೆ. ಗಂಟೆಗೆ ಸುಮಾರು 120 ಕಿ.ಮೀ. ದಾಟಿದೊಡನೆ ತಾನಾಗಿ ಮೇಲೇಳುತ್ತದೆ, ವೇಗ ಸಾಕಷ್ಟು ತಗ್ಗಿದ ಮೇಲೆ ಮತ್ತೆ ಒಳಸೇರುತ್ತದೆ. 2023ರ ನವೆಂಬರಿನಲ್ಲಿ ಗ್ಯೋರ್ ಕಾರ್ಖಾನೆಯಿಂದ ಕೊನೆಯ ಟಿಟಿ ಹೊರಬೀಳುವ ಹೊತ್ತಿಗೆ ಮೂರು ಪೀಳಿಗೆಗಳಲ್ಲಿ 6.6 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು.